ಹೋಳಿಗೆಗೆ ಬೇರೆ ಹೊಟ್ಟೆ ಇದೆಯೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಆಯ್ದುಕೊಂಡ ಪತ್ರಗಳೆಲ್ಲ ‘ಸಾಕು’ ಎಂಬ ಒಂದೇ ಮಾತಿನ ಸುತ್ತ ಇವೆ. ಒಬ್ಬರು ಊಟದ ಎಲೆಯಿಂದ ಕೇಳಿದ್ದಾರೆ, ಒಬ್ಬರು ಕೊಟ್ಟಿಗೆಯಿಂದ, ಇನ್ನೊಬ್ಬರು ಪಿಯುಸಿ ಪುಸ್ತಕದಿಂದ. ಉತ್ತರ ಬರೆಯುತ್ತ ಹೋದಂತೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ಸಾಕು ಅನ್ನಿಸುವುದು ಇಂಥದ್ದಕ್ಕೆ, ಇಷ್ಟು ಹೊತ್ತಿಗೆ ಎಂದು ಮಾತ್ರ. ಒಂದು ಸಾಕಾದಾಗ ಅದರ ಪಕ್ಕದ್ದು ಇನ್ನೂ ಬೇಕಾಗಿಯೇ ಇರುತ್ತದೆ.

ಮದುವೆ ಊಟದಲ್ಲಿ ಅನ್ನ ಬೇಡವೇ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದವರೇ ಹೋಳಿಗೆ ಬಂದರೆ ಎರಡು ಹಾಕಿಸಿಕೊಳ್ಳುತ್ತಾರೆ. ಇದು ಬರೀ ಬಾಯಿಚಪಲವೇ? — ತುಮಕೂರಿನ ಓದುಗರು

ಚಪಲ ಎಂದು ಬೈದುಬಿಡುವುದು ಸುಲಭ, ಆದರೆ ಇಲ್ಲಿ ಬೈಗುಳಕ್ಕೆ ಜಾಗವಿಲ್ಲ. ಒಂದು ರುಚಿಯನ್ನು ತಿನ್ನುತ್ತ ಹೋದಂತೆ ಆ ರುಚಿಯ ಮೇಲಿನ ಆಸೆ ಇಳಿಯುತ್ತದೆ, ತಿನ್ನದ ರುಚಿಯ ಮೇಲಿನ ಆಸೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಫ್ರಾನ್ಸಿನ ಲ ಮಾನ್ಯಾಂ 1956ರಲ್ಲೇ ಇಲಿಗಳಲ್ಲಿ ಇದನ್ನು ಕಂಡಿದ್ದರು. ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ಮನುಷ್ಯರಲ್ಲಿ ಅಳೆದು ತೋರಿಸಿದರು. ಒಂದೇ ಹೂರಣದ ಸ್ಯಾಂಡ್‌ವಿಚ್ ಕೊಟ್ಟಾಗ ತಿಂದದ್ದಕ್ಕಿಂತ ನಾಲ್ಕು ಬಗೆಯ ಹೂರಣ ಕೊಟ್ಟಾಗ ಜನ ಸುಮಾರು ಮೂರನೇ ಒಂದು ಪಾಲು ಹೆಚ್ಚು ತಿಂದರು.

ನಾಲಿಗೆ ದಣಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಎಡ್ಮಂಡ್ ರೋಲ್ಸ್ ಮಂಗಗಳಿಗೆ ಒಂದೇ ಸಿಹಿನೀರನ್ನು ಸಾಕುಸಾಕೆನಿಸುವಷ್ಟು ಕುಡಿಸಿ ಮಿದುಳಿನ ನರಕೋಶಗಳನ್ನು ಗಮನಿಸಿದರು. ರುಚಿಯನ್ನು ಗುರುತಿಸುವ ಭಾಗ ಮೊದಲಿನಷ್ಟೇ ಚುರುಕಾಗಿತ್ತು. ಕಣ್ಣಿನ ಮೇಲ್ಭಾಗಕ್ಕೆ, ಹಣೆಯ ಹಿಂದೆ ಇರುವ ಬೇರೊಂದು ಭಾಗದ ಕೋಶಗಳು ಮಾತ್ರ ಆ ಸಿಹಿಗೆ ಸುಮ್ಮನಾಗಿದ್ದವು. ಬೇರೆ ಹಣ್ಣಿನ ರಸ ಕೊಟ್ಟರೆ ಅವೇ ಕೋಶಗಳು ಮತ್ತೆ ಎಚ್ಚೆತ್ತವು. ಎಂದರೆ ಮೂರನೇ ಸಲದ ಅನ್ನ-ಹುಳಿಯ ರುಚಿ ನಿಮಗೆ ಸರಿಯಾಗಿಯೇ ಗೊತ್ತಾಗುತ್ತದೆ, ಅದರ ಬೆಲೆ ಇಳಿದಿರುತ್ತದೆ ಅಷ್ಟೆ. ಇದಕ್ಕೆ ನೆನಪೂ ಬೇಕಿಲ್ಲ. ತಿಂದದ್ದೇ ಮರೆತುಹೋಗುವ ತೀವ್ರ ಮರೆವಿನ ರೋಗಿಗಳಲ್ಲಿಯೂ ಆಗಷ್ಟೇ ತಿಂದ ರುಚಿಯ ಮೇಲಿನ ಆಸೆ ಇಳಿದಿತ್ತು. ವಿಚಿತ್ರವೆಂದರೆ ಇಂಥ ರೋಗಿಗಳ ಮುಂದೆ ಊಟವಾದ ಸ್ವಲ್ಪ ಹೊತ್ತಿಗೇ ಇನ್ನೊಂದು ತಟ್ಟೆ ಇಟ್ಟರೆ ಅದನ್ನೂ ಉಂಡುಬಿಡುತ್ತಾರೆ. ಊಟ ನಿಲ್ಲಿಸುವುದರಲ್ಲಿ ನೆನಪಿಗೂ ಒಂದು ಪಾಲಿದೆ.

ಇನ್ನು ನಮ್ಮ ಎಲೆಯ ಕ್ರಮ ನೋಡಿ. ಕೋಸಂಬರಿ, ಪಲ್ಯ, ತೊವ್ವೆ, ಸಾರು, ಹುಳಿ, ನಡುವೆ ಪಾಯಸ, ಚಿತ್ರಾನ್ನ, ಹೋಳಿಗೆ, ಕೊನೆಗೆ ಮಜ್ಜಿಗೆ. ಒಂದು ರುಚಿ ಸಾಕು ಅನ್ನಿಸುವ ಹೊತ್ತಿಗೆ ಸರಿಯಾಗಿ ಇನ್ನೊಂದು ಬಂದು ನಿಲ್ಲುತ್ತದೆ. ಮೂರನೇ ಹೋಳಿಗೆಗೆ ಮುಖ ಕಟ್ಟಿದವರು ಉಪ್ಪಿನಕಾಯಿ ನೆಕ್ಕಿ ನಾಲ್ಕನೆಯದಕ್ಕೆ ಕೈ ಹಾಕುವುದೂ ಇದೇ ಲೆಕ್ಕ. ಅಡುಗೆಯವರು ಗಮನಿಸಬೇಕಾದ್ದು: ಎರಡು ಬಗೆಯ ಸಿಹಿ ಮಾಡಿಸಿದರೆ ಮೊದಲನೆಯದರ ಅಂದಾಜನ್ನು ಅರ್ಧಕ್ಕೆ ಇಳಿಸಬೇಡಿ, ಕಡಿಮೆ ಬೀಳುತ್ತದೆ.

ತೂಕ ಇಳಿಸಬೇಕಾದವರು ಒಂದು ಹೊತ್ತಿಗೆ ಬಗೆಗಳನ್ನು ಕಡಿಮೆ ಮಾಡಲಿ. ತರಕಾರಿ ಮಾತ್ರ ಎರಡು ಮೂರು ಬಗೆ ಇರಲಿ. ಊಟ ಸೇರದ ವಯಸ್ಸಾದವರಿಗೆ, ಕಾಯಿಲೆಯಿಂದ ಎದ್ದವರಿಗೆ ಇದನ್ನೇ ತಿರುಗಿಸಿ. ತಟ್ಟೆ ತುಂಬ ಗಂಜಿ ಇಟ್ಟು ‘ಉಣ್ಣಿ ಉಣ್ಣಿ’ ಎನ್ನುವ ಬದಲು ಎರಡೆರಡು ಚಮಚದಂತೆ ನಾಲ್ಕು ರುಚಿ ಬಡಿಸಿ.

ಹೊಟ್ಟೆ ತುಂಬಿದ್ದು ಮಿದುಳಿಗೆ ತಿಳಿಯಲು 20 ನಿಮಿಷ ಬೇಕಂತೆ, ನಿಜವೇ? ಊಟಕ್ಕೆ ಮುಂಚೆ ನೀರು ಕುಡಿದರೆ ಕಡಿಮೆ ತಿನ್ನಬಹುದೇ? — ಮಂಡ್ಯದ ಓದುಗರು

20 ನಿಮಿಷ ಎನ್ನುವುದು ಗಡಿಯಾರದ ಲೆಕ್ಕವಲ್ಲ, ಸರಾಸರಿ ಮಾತು. ಸುದ್ದಿ ಒಂದೇ ದಾರಿಯಲ್ಲಿ ಬರುವುದಿಲ್ಲ. ಖಾಲಿ ಜಠರದಲ್ಲಿ 100 ಮಿಲಿಯಷ್ಟೂ ಜಾಗವಿರುವುದಿಲ್ಲ, ಉಣ್ಣುತ್ತ ಅದು ಒಂದು ಲೀಟರು, ಅದಕ್ಕೂ ಹೆಚ್ಚು ಹಿಗ್ಗುತ್ತದೆ. ಹಿಗ್ಗಿದ ಸುದ್ದಿ ವೇಗಸ್ ನರದ ಮೂಲಕ ಬೇಗನೆ ಮಿದುಳಿನ ಬುಡಕ್ಕೆ ಮುಟ್ಟುತ್ತದೆ. ಜಿಡ್ಡು ಮತ್ತು ಪ್ರೋಟೀನು ಸಣ್ಣಕರುಳಿನ ಬಾಯಿಗೆ ಇಳಿದಾಗ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಹೊರಡುತ್ತದೆ. ಕರುಳಿನ ಕೊನೆಯ ಭಾಗದಿಂದ ಜಿಎಲ್‌ಪಿ-1, ಪಿವೈವೈ ಎಂಬ ಇನ್ನೆರಡು. ತಡವಾಗುವುದು ಈ ಕರುಳಿನ ಸುದ್ದಿ. ಹತ್ತು ನಿಮಿಷದಲ್ಲಿ ಊಟ ಮುಗಿಸುವವರು ಅದು ಬರುವ ಮೊದಲೇ ಕೈ ತೊಳೆದಿರುತ್ತಾರೆ, ಅಥವಾ ಇನ್ನೊಂದು ಸುತ್ತು ಹಾಕಿಸಿಕೊಂಡಿರುತ್ತಾರೆ.

ಬಾಯಿ, ಗಂಟಲು ಎರಡೇ ಸೇರಿ ಊಟಕ್ಕೆ ‘ಸಾಕು’ ಹೇಳಲಾರವು. ಇದನ್ನು ತೋರಿಸಿದ್ದು ಪಾವ್ಲೋವ್ ಅವರ ನಾಯಿಗಳು. ನುಂಗಿದ್ದು ಜಠರಕ್ಕೆ ಇಳಿಯದೆ ಕುತ್ತಿಗೆಯ ತೂತಿನಿಂದ ಹೊರಗೆ ಬೀಳುವಂತೆ ಶಸ್ತ್ರಚಿಕಿತ್ಸೆ ಮಾಡಿದ್ದರು. ನಾಯಿ ಗಂಟೆಗಟ್ಟಲೆ ತಿನ್ನುತ್ತಲೇ ಇತ್ತು.

ನೀರಿನ ವಿಷಯ. ಬರಿ ನೀರು ಜಠರದಲ್ಲಿ ನಿಲ್ಲುವುದಿಲ್ಲ, ಹತ್ತಿಪ್ಪತ್ತು ನಿಮಿಷದಲ್ಲಿ ಅರ್ಧಕ್ಕರ್ಧ ಕೆಳಗಿಳಿದಿರುತ್ತದೆ. ಅದೇ ನೀರು ಅಡುಗೆಯೊಳಗೆ ಸೇರಿಕೊಂಡರೆ ಕಥೆ ಬೇರೆ. 1999ರಲ್ಲಿ ಬಾರ್ಬರಾ ರೋಲ್ಸ್ ತಂಡ ಒಂದೇ ಸಾಮಗ್ರಿಯನ್ನು ಒಮ್ಮೆ ಗಟ್ಟಿ ಅಡುಗೆಯಾಗಿ ಕೊಟ್ಟು ಪಕ್ಕದಲ್ಲಿ ನೀರಿಟ್ಟಿತು, ಇನ್ನೊಮ್ಮೆ ಅಷ್ಟೇ ನೀರು ಬೆರೆಸಿ ಸೂಪ್ ಮಾಡಿಕೊಟ್ಟಿತು. ಆಮೇಲಿನ ಊಟ ಕಡಿಮೆಯಾದದ್ದು ಸೂಪ್ ಕುಡಿದವರಲ್ಲಿ.

ನಿಮ್ಮೂರ ಮುದ್ದೆಯ ಗುಟ್ಟು ಇಲ್ಲೇ ಇದೆ. 100 ಗ್ರಾಂ ರಾಗಿಹಿಟ್ಟಿಗೆ 200ರಿಂದ 250 ಮಿಲಿ ನೀರು, ಬೆಂದ ಮುದ್ದೆ 300 ಗ್ರಾಂ ಆಸುಪಾಸು. ಅಷ್ಟೇ ಗೋಧಿಹಿಟ್ಟಿನ ಚಪಾತಿ ಒಂದೂವರೆ ನೂರು ಗ್ರಾಂ ದಾಟದು. ಮೇಲಾಗಿ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಒಳಗೆ. ಕೆಡುವುದೆಲ್ಲಿ ಅಂದರೆ, ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಐದು ನಿಮಿಷದಲ್ಲಿ ಎರಡು ಮುದ್ದೆ ಇಳಿದುಹೋಗುತ್ತದೆ. ಮೊದಲ ಮುದ್ದೆಯಾದ ಮೇಲೆ ಸೊಪ್ಪಿನ ಪಲ್ಯ, ಮಜ್ಜಿಗೆಯಲ್ಲಿ ಹತ್ತು ನಿಮಿಷ ಕಳೆದು ಎರಡನೆಯದು ಬೇಕೇ ಎಂದು ಕೇಳಿಕೊಳ್ಳಿ. ವಾಗ್ಭಟನ ಅಷ್ಟಾಂಗಹೃದಯ ಹೊಟ್ಟೆಯಲ್ಲಿ ಅರ್ಧ ಅನ್ನಕ್ಕೆ, ಕಾಲು ಭಾಗ ದ್ರವಕ್ಕೆ, ಉಳಿದ ಕಾಲು ಖಾಲಿ ಬಿಡಿ ಎನ್ನುತ್ತದೆ. ತಡವಾಗಿ ಬರುವ ಸುದ್ದಿಗೆ ಇದಕ್ಕಿಂತ ಸರಳ ಉಪಾಯ ನಮಗೂ ಹೊಳೆಯಲಿಲ್ಲ.

ಸಿಡ್ನಿಯ ಸುಸಾನಾ ಹೋಲ್ಟ್ 1995ರಲ್ಲಿ 38 ತಿನಿಸುಗಳು ಎಷ್ಟೆಷ್ಟು ಹೊಟ್ಟೆ ತುಂಬಿಸುತ್ತವೆ ಎಂದು ಹೋಲಿಸಿದ ಪಟ್ಟಿಯನ್ನೂ ಕೆಲವರು ಕೇಳಿದ್ದಾರೆ. ಎಲ್ಲವೂ 240 ಕ್ಯಾಲೊರಿಯಷ್ಟು, ಬಿಳಿ ಬ್ರೆಡ್ಡಿಗೆ 100 ಅಂಕ. ಬೇಯಿಸಿದ ಆಲೂಗಡ್ಡೆಗೆ 323, ಬೆಣ್ಣೆ ತುಂಬಿದ ಕ್ರೊಸಾಂಗೆ 47. ಚಿಪ್ಸ್ ಪ್ಯಾಕೆಟ್ಟನ್ನೂ ಆಲೂಗಡ್ಡೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಅಳೆದದ್ದು ತಿಂದ ಮೇಲಿನ ಎರಡು ಗಂಟೆ ಮಾತ್ರ ಎಂಬುದೂ ನೆನಪಿರಲಿ.

ಪ್ರೂಫ್ ನೋಡುವಾಗ ಒಂದೇ ಪದವನ್ನು ಬಹಳ ಹೊತ್ತು ನೋಡಿದರೆ ಅದು ಕನ್ನಡವೇ ಅಲ್ಲವೇನೋ ಅನ್ನಿಸುತ್ತದೆ. ಕಣ್ಣಿನ ತೊಂದರೆಯೇ? — ಧಾರವಾಡದ ಓದುಗರು

ಕಣ್ಣಿಗೇನೂ ಆಗಿಲ್ಲ, ಪದದ ಅರ್ಥ ತಾತ್ಕಾಲಿಕವಾಗಿ ಸವೆದಿದೆ. ಸೆವರೆನ್ಸ್ ಮತ್ತು ವಾಶ್‌ಬರ್ನ್ 1907ರಲ್ಲೇ ಅಚ್ಚಾದ ಪದವನ್ನು ನಿಮಿಷಗಟ್ಟಲೆ ದಿಟ್ಟಿಸಿದರೆ ಏನಾಗುತ್ತದೆ ಎಂದು ದಾಖಲಿಸಿದ್ದರು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಲಿಯಾನ್ ಜಾಕೊಬೊವಿಟ್ಸ್ 1962ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದಕ್ಕೆ ‘ಸೆಮ್ಯಾಂಟಿಕ್ ಸೇಷಿಯೇಶನ್’ ಎಂದರು. ಅರ್ಥಕ್ಕೂ ಹೊಟ್ಟೆ ತುಂಬುತ್ತದೆ ಅನ್ನೋಣ.

‘ಬಾಗಿಲು’ ಎಂಬ ಪದವನ್ನು ಸೆಕೆಂಡಿಗೆ ಎರಡು ಮೂರು ಸಲದಂತೆ ಅರ್ಧ ನಿಮಿಷ ಗಟ್ಟಿಯಾಗಿ ಹೇಳಿ. ಮೊದಲು ಮರ, ಚಿಲಕ, ಹೊಸ್ತಿಲು ಕಣ್ಣ ಮುಂದೆ ಬರುತ್ತವೆ. ಸ್ವಲ್ಪ ಹೊತ್ತಿಗೆ ಬರೀ ಬಾ, ಗಿ, ಲು ಉಳಿಯುತ್ತದೆ. ನಿಧಾನವಾಗಿ ಹೇಳಿದರೆ ಆಗುವುದಿಲ್ಲ, ನಡುನಡುವೆ ಬೇರೆ ಪದ ಬೆರೆಸಿದರೂ ಆಗುವುದಿಲ್ಲ. ದಣಿಯುವುದು ಪದವೂ ಅಲ್ಲ, ಅರ್ಥವೂ ಅಲ್ಲ, ಪದದಿಂದ ಅರ್ಥಕ್ಕೆ ಕಟ್ಟಿದ ಸೇತುವೆ ಎಂಬ ವಿವರಣೆ ನಮಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಇದರ ನೆಂಟ ಇನ್ನೊಂದಿದೆ. ‘ನದಿ’ ಎಂದು ಬಿಡುವಿಲ್ಲದೆ ಹೇಳುತ್ತ ಹೋಗಿ: ನದಿನದಿನದಿನದಿ. ಯಾವಾಗಲೋ ಅದು ‘ದಿನ ದಿನ’ ಎಂದು ಕೇಳಿಸತೊಡಗುತ್ತದೆ. ಒಂದೇ ಪದವನ್ನು ಟೇಪಿನಲ್ಲಿ ಸುತ್ತಿ ಸುತ್ತಿ ಕೇಳಿಸಿ ಈ ಮಾರ್ಪಾಟನ್ನು ಅಭ್ಯಾಸ ಮಾಡಿದವರು ರಿಚರ್ಡ್ ವಾರೆನ್, 1950ರ ದಶಕದ ಕೊನೆಗೆ. ‘ಮರಾ ಮರಾ’ ಎಂದ ಬೇಡ ‘ರಾಮ’ನನ್ನು ಕಂಡುಕೊಂಡ ಕಥೆ ನಮಗೆ ಅದಕ್ಕೂ ಬಹಳ ಹಿಂದಿನಿಂದ ಗೊತ್ತು.

ಕೆಲಸದ ಮಾತಿಗೆ ಬರೋಣ. ಬಹಳ ಹೊತ್ತು ನೋಡಿದ ಮೇಲೆ ‘ತಪ್ಪಿದೆ’ ಅನ್ನಿಸಿದ ಪದವನ್ನು ಕೂಡಲೇ ತಿದ್ದಬೇಡಿ. ಅಂಚಿನಲ್ಲಿ ಗೀಟು ಹಾಕಿ, ಬೇರೆ ಪುಟ ನೋಡಿ, ಐದು ಹತ್ತು ನಿಮಿಷ ಬಿಟ್ಟು ಬನ್ನಿ. ಸರಿಯಿದ್ದ ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡುವ ಪ್ರಮಾದ ಹೆಚ್ಚಾಗಿ ನಡೆಯುವುದು ಈ ದಣಿವಿನಲ್ಲೇ. ಕೊನೆಯ ಸುತ್ತನ್ನು ಪರದೆಯ ಮೇಲೆ ನೋಡದೆ ಅಕ್ಷರದ ಗಾತ್ರ ಬದಲಿಸಿ ಪ್ರಿಂಟ್ ತೆಗೆದು ನೋಡಿ.

ಮೇಷ್ಟ್ರುಗಳಿಗೂ ಒಂದು ಮಾತು. ‘ನಾನು ಇನ್ನು ಮುಂದೆ ತಡವಾಗಿ ಬರುವುದಿಲ್ಲ’ ಎಂದು ನೂರು ಸಲ ಬರೆಯಲು ಹೇಳಿದರೆ ಹುಡುಗ ಏನು ಮಾಡುತ್ತಾನೆ? ಮೇಲಿನಿಂದ ಕೆಳಕ್ಕೆ ‘ನಾನು’ಗಳ ಸಾಲು, ಪಕ್ಕದಲ್ಲಿ ‘ಇನ್ನು’ಗಳ ಸಾಲು. ವಾಕ್ಯ ಹತ್ತನೆಯ ಸಲಕ್ಕೇ ಸತ್ತಿರುತ್ತದೆ, ಉಳಿದದ್ದು ಕೈಬರಹ.

ಪಿಯು ಅರ್ಥಶಾಸ್ತ್ರದಲ್ಲಿ ಸೀಮಾಂತ ತುಷ್ಟಿಗುಣ (ಇನ್ನೊಂದು ಸಿಕ್ಕಾಗ ಹೆಚ್ಚಿಗೆ ಸೇರುವ ತೃಪ್ತಿ) ಇಳಿಯುತ್ತದೆ ಎಂದಿದೆ. ಔದಾಸೀನ್ಯ ವಕ್ರರೇಖೆಯ (ಒಂದೇ ತೃಪ್ತಿ ಕೊಡುವ ಸರಕಿನ ಜೋಡಿಗಳನ್ನು ಸೇರಿಸುವ ಗೆರೆ) ಪಾಠದಲ್ಲಿ ಹೆಚ್ಚು ಸರಕು ಯಾವಾಗಲೂ ಮೇಲು ಎಂದಿದೆ. ಯಾವುದು ಸರಿ? — ರಾಯಚೂರಿನ ವಿದ್ಯಾರ್ಥಿನಿ

ಎರಡೂ ಸರಿ, ಏಕೆಂದರೆ ಇಳಿಯುವುದು ಬೇರೆ, ಸೊನ್ನೆ ಮುಟ್ಟುವುದು ಬೇರೆ. ಹಸಿದವರಿಗೆ ಮೊದಲ ದೋಸೆಯಿಂದ 20 ಅಂಕದಷ್ಟು ತುಷ್ಟಿ, ಆಮೇಲಿನವುಗಳಿಂದ 14, 8, 3, 0, ಆರನೆಯದರಿಂದ ಕಳೆಯುವ 4 ಎನ್ನಿ. ಒಟ್ಟು ತುಷ್ಟಿಗುಣ 20, 34, 42, 45, 45, 41. ನಾಲ್ಕನೇ ದೋಸೆಯಲ್ಲಿ ಸೀಮಾಂತ ಇಳಿದಿದೆ, ಒಟ್ಟು ಇನ್ನೂ ಏರುತ್ತಿದೆ. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ: ಸೀಮಾಂತ ರೇಖೆ ಇಳಿದ ಕೂಡಲೇ ಒಟ್ಟು ರೇಖೆಯನ್ನೂ ಇಳಿಸಿಬಿಡುತ್ತಾರೆ. ಒಟ್ಟು ರೇಖೆಯ ತುದಿ ಸೀಮಾಂತ ರೇಖೆ ಸೊನ್ನೆ ಮುಟ್ಟುವ ಜಾಗದ ನೇರಕ್ಕೆ ಬರಬೇಕು. ಅದೇ ತೃಪ್ತಿಯ ಬಿಂದು. ದೋಸೆಯ ಬೆಲೆ ನಿಮಗೆ 8 ಅಂಕದಷ್ಟು ತೂಗಿದರೆ ಮೂರಕ್ಕೇ ಕೈ ತೊಳೆಯುತ್ತೀರಿ, ಆ ಬಿಂದುವಿನ ತನಕ ಹೋಗುವುದೇ ಇಲ್ಲ. ಬೆಲೆ ಇರುವ ತನಕ ಕೊಳ್ಳುವವರು ತೃಪ್ತಿಯ ಬಿಂದುವಿನ ಈಚೆಗೇ ನಿಲ್ಲುವುದರಿಂದ ‘ಹೆಚ್ಚು ಇದ್ದರೆ ಮೇಲು’ ಎಂಬ ಊಹೆಗೆ ಧಕ್ಕೆಯಿಲ್ಲ.

ಅನ್‌ಲಿಮಿಟೆಡ್ ಊಟದ ಹೋಟೆಲಿನಲ್ಲಿ ಮುಂದಿನ ಸೌಟಿಗೆ ಬೆಲೆ ಸೊನ್ನೆ. ಅಲ್ಲಿ ಜನ ಬಿಂದು ಮುಟ್ಟಿಯೇ ಏಳುತ್ತಾರೆ. ಅನ್ನ-ಸಾರಿಗೆ ಮಿತಿ ಇಡದ ಮಾಲೀಕ ಸಿಹಿ, ಹಪ್ಪಳವನ್ನು ಎಣಿಸಿ ಕೊಡುವುದೇಕೆ ಎಂದು ಈಗ ನೀವೇ ಹೇಳಬಲ್ಲಿರಿ. ಈ ನಿಯಮವನ್ನು 1854ರಲ್ಲಿ ಪುಸ್ತಕವಾಗಿ ಬರೆದ ಜರ್ಮನಿಯ ಗೊಸೆನ್, ಪ್ರತಿಗಳು ಮಾರಾಟವಾಗದೆ ವಾಪಸ್ ತೆಗೆದುಕೊಂಡು 1858ರಲ್ಲಿ ತೀರಿಕೊಂಡರು. ಒಂದೇ ಒಂದು ಪ್ರತಿಯೂ ಬೇಕೆನಿಸದ ಓದುಗರ ಬಗ್ಗೆ ಅವರ ನಿಯಮದಲ್ಲಿ ಏನೂ ಇರಲಿಲ್ಲ.

ಹಸು ಹೊಟ್ಟೆ ತುಂಬ ಮೇಯುತ್ತದೆ, ಹೊಟ್ಟೆ ಬಿಗಿದುಕೊಂಡಿರುತ್ತದೆ. ಆದರೂ ಮೈ ಬಡಕಲು, ಹಾಲು ಇಳಿದಿದೆ. ಭತ್ತದ ಹುಲ್ಲು ಬೇಕಾದಷ್ಟು ಹಾಕುತ್ತೇವೆ. — ಹಾಸನ ಜಿಲ್ಲೆಯ ಹೈನುಗಾರರು

ತೊಂದರೆ ಆ ‘ಬೇಕಾದಷ್ಟು’ ಹುಲ್ಲಿನಲ್ಲೇ ಇರಬಹುದು. ನಿಮ್ಮ ಹಸುವಿನ ಹೊಟ್ಟೆ ತುಂಬಿದೆ, ಮೈಗೆ ಹಸಿವಿದೆ. ದನ ಮೇವು ನಿಲ್ಲಿಸುವುದಕ್ಕೆ ಎರಡು ಕಾರಣ. ಒಳ್ಳೆಯ ಮೇವಾದರೆ ಬೇಕಾದ ಶಕ್ತಿ ಸಿಕ್ಕಿತು ಎಂದು ರಕ್ತದ ಮೂಲಕ ಸುದ್ದಿ ಹೋಗಿ ನಿಲ್ಲಿಸುತ್ತದೆ. ಒರಟು ಮೇವಾದರೆ ಮೊದಲ ಹೊಟ್ಟೆಯಲ್ಲಿ ಜಾಗವಿಲ್ಲದೆ ನಿಲ್ಲಿಸುತ್ತದೆ. ಭತ್ತದ ಹುಲ್ಲು ಮೆಲುಕು ಹಾಕಿ ಸಣ್ಣದಾಗುವ ತನಕ ಮುಂದೆ ಜಾರುವುದಿಲ್ಲ, ಅಲ್ಲೇ ಕೂತಿರುತ್ತದೆ. ಹುಲ್ಲೊಂದನ್ನೇ ಹಾಕಿದರೆ 400 ಕೆ.ಜಿ. ತೂಕದ ಹಸು ದಿನಕ್ಕೆ 8 ಕೆ.ಜಿ. ಮೇಯುವುದೂ ಕಷ್ಟ. ಅದರಲ್ಲಿ ಪ್ರೋಟೀನು ಶೇ 3ರಿಂದ 4 ಮಾತ್ರ. ಹದವಾದ ಮಿಶ್ರಣವಾದರೆ ಒಣತೂಕದ ಲೆಕ್ಕದಲ್ಲಿ 12 ಕೆ.ಜಿ. ಒಳಗೆ ಹೋಗುತ್ತದೆ.

ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಯ ಮುಂದೆ ಇರುವ ತ್ರಿಕೋನದ ಗುಳಿಯನ್ನು ನೋಡಿ. ಗುಳಿ ಆಳವಾಗಿದ್ದರೆ ಮೇವೇ ಕಡಿಮೆ. ಗುಳಿ ತುಂಬಿದ್ದು ಬೆನ್ನೆಲುಬು ಎದ್ದು ಕಾಣುತ್ತಿದ್ದರೆ ಮೇವಿನ ಗುಣ ಕಡಿಮೆ, ಇಲ್ಲವೇ ಜಂತುಹುಳ. ಎರಡನೆಯದನ್ನು ಪಶುವೈದ್ಯರಿಂದ ಸಗಣಿ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳಿ.

10 ಲೀಟರು ಹಾಲಿನ ಹಸುವಿಗೆ ಹಸಿರು ಮೇವು 25 ಕೆ.ಜಿ. (ಅದರಲ್ಲಿ ಸುಮಾರು 20 ಕೆ.ಜಿ. ನೀರೇ), ಒಣಹುಲ್ಲು 3ರಿಂದ 4 ಕೆ.ಜಿ., ಹಿಂಡಿ-ಬೂಸಾ ಸೇರಿದ ಪಶು ಆಹಾರ ಮೈಗೆಂದು ಒಂದೂವರೆ ಕೆ.ಜಿ., ಮೇಲೆ ಪ್ರತಿ ಎರಡೂವರೆ ಲೀಟರಿಗೆ 1 ಕೆ.ಜಿ. ಬದಲಾವಣೆ ಒಂದೇ ದಿನ ಬೇಡ, ವಾರ ಹತ್ತು ದಿನ ತೆಗೆದುಕೊಳ್ಳಿ. ದಿಢೀರನೆ ಹಿಂಡಿ ಹೆಚ್ಚಿಸಿದರೆ ಹೊಟ್ಟೆ ಹುಳಿಯಾಗಿ ಮೇವನ್ನೇ ಬಿಡುತ್ತದೆ. ಹುಲ್ಲನ್ನು ಎರಡು ಮೂರು ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಹೊಟ್ಟಿನಂತೆ ಪುಡಿ ಮಾಡಿದರೆ ಮೆಲುಕು ಕಡಿಮೆಯಾಗಿ ಹಾಲಿನ ಜಿಡ್ಡು ಇಳಿಯುತ್ತದೆ.

ಹಸಿರು ಸಾಲದಿದ್ದರೆ ಹುಲ್ಲಿಗೆ ಯೂರಿಯಾ ಉಪಚಾರ ಮಾಡಿ. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾ, 50 ಲೀಟರು ನೀರು. ಒಂದು ಹರಳೂ ಉಳಿಯದಂತೆ ಕರಗಿಸಿ. 10 ಕೆ.ಜಿ. ಹುಲ್ಲು ಹರಡಿ 5 ಲೀಟರು ಚಿಮುಕಿಸಿ, ತುಳಿದು, ಮೇಲೆ ಇನ್ನೊಂದು ಪದರ. ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ 21 ದಿನ ಬಿಡಿ. ತೆಗೆದ ಹುಲ್ಲನ್ನು ಹರಡಿ ಮೂಗು ಉರಿಯುವ ವಾಸನೆ ಹೋದ ಮೇಲೆ ಹಾಕಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡವೇ ಬೇಡ. ಕರಗದ ಯೂರಿಯಾ ಅಥವಾ ಯೂರಿಯಾ ನೀರು ದನದ ಬಾಯಿಗೆ ಸಿಕ್ಕರೆ ಪ್ರಾಣಕ್ಕೇ ಅಪಾಯ. ಬಕೆಟ್ಟನ್ನು ಕೊಟ್ಟಿಗೆಯಲ್ಲಿ ಬಿಟ್ಟು ಹೋಗಬೇಡಿ.

ಮಗ ಮೊಬೈಲು ಬಿಡುವುದಿಲ್ಲ. ‘ಸಾಕಾಗುವ ತನಕ ನೋಡಲಿ ಬಿಡು, ತಾನೇ ಬಿಡುತ್ತಾನೆ’ ಎನ್ನುತ್ತಾರೆ ನಮ್ಮತ್ತೆ. — ಬೆಂಗಳೂರಿನ ಓದುಗರು

ನಿಮ್ಮತ್ತೆಯವರ ಉಪಾಯಕ್ಕೆ ಆಧಾರವಿಲ್ಲ ಎನ್ನುವಂತಿಲ್ಲ. ಕೆನಡಾದ ಸಸ್ಕ್ಯಾಚೆವಾನಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ ಒಬ್ಬ ಮಹಿಳೆ ಟವೆಲುಗಳನ್ನು ಕದ್ದು ಕೋಣೆಯಲ್ಲಿ ಪೇರಿಸುತ್ತಿದ್ದರು. ಮನೋವಿಜ್ಞಾನಿ ಟಿಯೊಡೊರೊ ಐಲನ್ ಕಸಿಯುವುದನ್ನು ನಿಲ್ಲಿಸಿ, ನರ್ಸುಗಳ ಕೈಯಲ್ಲಿ ದಿನಾ ಇನ್ನಷ್ಟು ಟವೆಲು ಕೊಡಿಸಿದರು. ಲೆಕ್ಕ 625 ಮುಟ್ಟಿದಾಗ ಆಕೆಯೇ ಹೊರಗೆ ಹಾಕತೊಡಗಿದರು. 1963ರಲ್ಲಿ ಪ್ರಕಟವಾದ ಈ ಪ್ರಕರಣ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

ಆದರೆ ಟವೆಲು ಟವೆಲೇ. 625ನೆಯದೂ ಮೊದಲನೆಯದರಂತೆಯೇ ಇರುತ್ತದೆ. ನಿಮ್ಮ ಮಗನ ಮೊಬೈಲು ಹತ್ತು ಹದಿನೈದು ಸೆಕೆಂಡಿಗೊಮ್ಮೆ ಎಲೆಗೆ ಹೊಸ ಪದಾರ್ಥ ಬಡಿಸುತ್ತದೆ, ಎಂದೂ ಮುಗಿಯದ ಮದುವೆ ಊಟ. ಒಂದು ಸಾಕು ಅನ್ನಿಸುವ ಮೊದಲೇ ಇನ್ನೊಂದು ಬಂದಿರುತ್ತದೆ. ಆದ್ದರಿಂದ ಕಾಯುವುದು ವ್ಯರ್ಥ. ತಾನಾಗಿ ಮುಂದಿನದಕ್ಕೆ ಹೋಗುವ ಸೆಟ್ಟಿಂಗ್ ಆಫ್ ಮಾಡಿ. ಕೊನೆ ಇರುವ ಒಂದೇ ಕಾರ್ಟೂನನ್ನು ಮೊದಲೇ ಡೌನ್‌ಲೋಡ್ ಮಾಡಿ, ಇಂಟರ್ನೆಟ್ ತೆಗೆದು, ಅದನ್ನಷ್ಟೇ ಕೊಡಿ. ಅದೇ ಕಾರ್ಟೂನು ನಾಲ್ಕನೇ ದಿನಕ್ಕೆ ಟವೆಲಾಗುತ್ತದೆ.

ಹಸಿವು ಕಡಿಮೆ ಮಾಡುವ ವಾರಕ್ಕೊಂದು ಇಂಜೆಕ್ಷನ್ ಬಗ್ಗೆ ತಿಳಿಸಿ. — ಮಂಗಳೂರಿನ ಓದುಗರು

ಮೇಲೆ ಹೇಳಿದ ಜಿಎಲ್‌ಪಿ-1 ಸುದ್ದಿಯನ್ನೇ ಅದು ಅನುಕರಿಸುತ್ತದೆ. ದೇಹದ ಸ್ವಂತ ಹಾರ್ಮೋನು ರಕ್ತದಲ್ಲಿ ಒಂದೆರಡು ನಿಮಿಷದಲ್ಲಿ ಅರ್ಧಕ್ಕಿಳಿದರೆ, ಇಂಥ ಇಂಜೆಕ್ಷನ್ನಿನ ಔಷಧ ಸೆಮಾಗ್ಲುಟೈಡ್ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಹಳೆಯ ಪ್ರಮಾಣದಲ್ಲೇ ಉಂಡರೆ ವಾಕರಿಕೆ, ವಾಂತಿ. ಮೊದಲ ‘ಸಾಕು’ಗೇ ಏಳಬೇಕು. ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ವರ್ಷದೊಳಗೆ ಮರಳುವುದು ಸಾಮಾನ್ಯ. ವೈದ್ಯರ ಚೀಟಿಯಿಲ್ಲದೆ ಬೇಡ. ಮೇದೋಜೀರಕ ಗ್ರಂಥಿಯ ಉರಿಯೂತ ಆಗಿದ್ದರೆ, ಮನೆಯವರಲ್ಲಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಮೊದಲೇ ಹೇಳಿ. ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ವೈದ್ಯರಿಗೂ ತಿಳಿಸಿ, ಏಕೆಂದರೆ ಜಠರ ನಿಧಾನವಾಗಿ ಖಾಲಿಯಾಗುತ್ತದೆ.

‘ಸಂತೃಪ್ತ ದ್ರಾವಣ’, ‘ಸಂತೃಪ್ತ ಕೊಬ್ಬು’ ಎನ್ನುತ್ತಾರಲ್ಲ, ಆ ಕೊಬ್ಬು ತಿಂದರೆ ಬೇಗ ತೃಪ್ತಿಯೇ? — ಶಿರಸಿಯ ಓದುಗರು

ಇಲ್ಲ, ಹೆಸರಿನ ನೆಂಟಸ್ತಿಕೆ ಅಷ್ಟೆ. ಆ ಕೊಬ್ಬಿನ ಇಂಗಾಲದ ಸರಪಳಿ ಹಿಡಿಯಬಹುದಾದಷ್ಟು ಹೈಡ್ರೋಜನ್ ಹಿಡಿದಿದೆ, ಇನ್ನು ಜಾಗವಿಲ್ಲ ಎಂದು ಅರ್ಥ. ದ್ರಾವಣದ್ದೂ ಅದೇ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿಲಿ ನೀರು ಸುಮಾರು 36 ಗ್ರಾಂ ಉಪ್ಪು ಕರಗಿಸಿಕೊಂಡು ನಿಲ್ಲುತ್ತದೆ, ಮತ್ತೆ ಹಾಕಿದ ಉಪ್ಪು ತಳದಲ್ಲಿ ಕೂರುತ್ತದೆ. ಅದೇ ನೀರಿಗೆ ಒಂದು ಚಮಚ ಸಕ್ಕರೆ ಹಾಕಿ ಕಲಕಿ ನೋಡಿ, ಕರಗಿಹೋಗುತ್ತದೆ. ಹೋಳಿಗೆಗೆ ನೀರಿನಲ್ಲೂ ಬೇರೆ ಹೊಟ್ಟೆ ಇದೆ.